ಅಪ್‌ಡೇಟ್: ಕಾದಂಬರಿಗೆ ಪ್ರಕಾಶಕರು ಸಿಕ್ಕರು

ಮೊದಲ ಕಾದಂಬರಿ ಅಚ್ಚಾಗುವುದು ಬರೀ ಅದೃಷ್ಟವಾ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಈಗ ನನ್ನದು ಒಪ್ಪಿಗೆಯಾಗಿದೆ! ಬೇರೆಯವರು ಬೇಡವೆಂದಿದ್ದ ಹಸ್ತಪ್ರತಿಯೇ, ಒಂದಕ್ಷರವೂ ಬದಲಾಗಿಲ್ಲ. ಈ ಪ್ರಕಾಶಕರಿಗೆ ಬರಬೇಕಿದ್ದ ಇನ್ನೊಂದು ಪುಸ್ತಕ ತಡವಾಯಿತು, ಆ ಜಾಗಕ್ಕೆ ನನ್ನದನ್ನು ತೆಗೆದು ಓದಿದರು. ಇದು ಅದೃಷ್ಟವೇ ಅಲ್ವಾ?

ನಿಮ್ಮಲ್ಲೊಬ್ಬರು ಹೇಳಿದ ಜಾನ್ ಕೆನಡಿ ಟೂಲ್ ವಿಷಯ ತುಂಬಾ ಕಾಡಿತು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಕಾದಂಬರಿಕಾರ, ತಮ್ಮ ಕಾದಂಬರಿ ಅಚ್ಚಾಗುವ ಮೊದಲೇ 1969ರಲ್ಲಿ ತೀರಿಕೊಂಡರು. ಅವರ ತಾಯಿ ಹಸ್ತಪ್ರತಿ ಹಿಡಿದು ಲೇಖಕ ವಾಕರ್ ಪರ್ಸಿ ಅವರ ಬೆನ್ನು ಬಿಡಲಿಲ್ಲ. ಕಾದಂಬರಿ 1980ರಲ್ಲಿ ಬಂತು, ಮರುವರ್ಷವೇ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್! ಅದನ್ನು ಸುಮ್ನೆ ಅದೃಷ್ಟ ಅನ್ನಲು ನನಗೆ ಮನಸ್ಸಿಲ್ಲ, ಆ ತಾಯಿಯ ಹಟ ಅದು. ಪರ್ಸಿ ಅದೇ ಊರಲ್ಲಿ ಪಾಠ ಮಾಡುತ್ತಿದ್ದದ್ದು ಮಾತ್ರ ಅದೃಷ್ಟ.

ಕಳಿಸುತ್ತಲೇ ಇರಿ ಅಂದವರಿಗೆಲ್ಲ ಥ್ಯಾಂಕ್ಸ್. ಈಗ ಕರಡು ತಿದ್ದುತ್ತಿದ್ದೇನೆ.