ಅತ್ತೆಯ ಮಂಡಿ, ಚಿಕ್ಕಪ್ಪನ ವಿಡಿಯೊ

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ವಿಡಿಯೊ ಹಾಕಿದರು. ಮಧ್ಯಾಹ್ನದವರೆಗೂ ಅದರದ್ದೇ ಜಗಳ. ಶುಭೋದಯದ ಹೂವುಗಳನ್ನು ಕಿತ್ತುಹಾಕಿ ಉಳಿದದ್ದನ್ನು ಇಲ್ಲಿ ಇಳಿಸಿದ್ದೇನೆ. ಯಾರ ಹೆಸರೂ ಬೇಕಿಲ್ಲ, ನನ್ನ ಫೋನಿನಲ್ಲಿ ಎಲ್ಲರೂ ನೆಂಟಸ್ತಿಕೆಯ ಹೆಸರಲ್ಲೇ ಇದ್ದಾರೆ.

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆದದ್ದು) ಏರ್‌ಪೋರ್ಟ್ ಸೆಕ್ಯುರಿಟಿಗೆ ಹೊಸ ಲೇನ್ ಬಂದಿದೆ!! ಇನ್ನು ಕ್ಯೂ ಇಲ್ಲ!! 2 ನಿಮಿಷದಲ್ಲಿ ಒಳಗೆ!! ಎಲ್ಲರಿಗೂ ಕಳಿಸಿ!!

ಚಿಕ್ಕಪ್ಪ: ಪೂರ್ತಿ ನೋಡಿ. ಐದು ಜನ ಒಟ್ಟಿಗೆ ನಿಂತು ಟ್ರೇ ತುಂಬುತ್ತಾರೆ. ಖಾಲಿ ಟ್ರೇ ಕೆಳಗಿನ ಬೆಲ್ಟಿನಲ್ಲಿ ತಾನೇ ವಾಪಸ್ ಬರುತ್ತದೆ. ಕೆಲಸ ಅಂದ್ರೆ ಹೀಗಿರಬೇಕು.

ದೊಡ್ಡಪ್ಪ: ಎರಡು ನಿಮಿಷದಲ್ಲಿ ಮುಗಿದರೆ ಅದು ತಪಾಸಣೆ ಅಲ್ಲ, ನಮಸ್ಕಾರ.

ಅತ್ತೆ: ನನಗೆ ಶನಿವಾರ ವಿಮಾನ ಇದೆ. ನಾನು ಹೋಗೋ ಕಡೆ ಇದು ಇದೆಯಾ?

ಪುಟ್ಟಿ: ಅಪ್ಪಾ, ಇದು ಹೊಸದೇನಲ್ಲ. 2016ರ ಮೇ ತಿಂಗಳಲ್ಲೇ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಇಂಥ ಎರಡು ಲೇನ್ ಶುರು ಮಾಡಿದ್ದರು. ಸುಮಾರು 10 ಲಕ್ಷ ಡಾಲರ್ ಹಾಕಿದ್ದು ಡೆಲ್ಟಾ ಏರ್‌ಲೈನ್ಸ್. ತಪಾಸಣೆ ಮಾಡೋದು ಟಿಎಸ್‌ಎ, ಅಂದ್ರೆ ಅಮೆರಿಕ ಸರ್ಕಾರದವರು. ನಮಗೆ ಕ್ಲಾಸಲ್ಲಿ ಪಾಠ ಇತ್ತು.

ಚಿಕ್ಕಪ್ಪ: ಹಳೆಯದಾದರೇನು? ಒಳ್ಳೆಯದು ಒಳ್ಳೆಯದೇ.

ಪುಟ್ಟಿ: ಆದರೆ ಎರಡು ನಿಮಿಷ ಅಂತ ಅವರು ಹೇಳಿರಲಿಲ್ಲ. ಸುಮಾರು ಶೇ. 30ರಷ್ಟು ಸಮಯ ಉಳಿಯುತ್ತದೆ ಅಂದಿದ್ದರು. ಅಷ್ಟೂ ಸಿಕ್ಕರೂ 30 ನಿಮಿಷ ಕಾಯುವವರು 21 ನಿಮಿಷ ಕಾಯುತ್ತಾರೆ. ಆ ವರ್ಷ ಅಲ್ಲಿ ಕ್ಯೂ ಗಲಾಟೆ ಜೋರಾಗಿತ್ತು. ಚಿಕಾಗೊದಲ್ಲಿ ಒಂದೇ ರಾತ್ರಿ ನೂರಾರು ಜನ ಕ್ಯೂನಲ್ಲೇ ನಿಂತು ವಿಮಾನ ತಪ್ಪಿಸಿಕೊಂಡಿದ್ದರು. ಕೆಲವರು ನಿಲ್ದಾಣದೊಳಗೇ ಮಡಚೋ ಮಂಚ ಹಾಕಿ ಮಲಗಿದ್ದರು. ಅದಕ್ಕೇ ಈ ಅವಸರ.

ದೊಡ್ಡಪ್ಪ: ಅವಸರದಲ್ಲಿ ಮಾಡಿದ ಕೆಲಸ ಅಂತ ನೀನೇ ಹೇಳಿದೆಯಲ್ಲ ಮಗಳೇ.

ಚಿಕ್ಕಪ್ಪ: ಅಣ್ಣ, ನೀವು ಎಲ್ಲದಕ್ಕೂ ಹೀಗೇ. ನೀವು ಕ್ಯೂನಲ್ಲಿ ನಿಂತು ಎಷ್ಟು ವರ್ಷ ಆಯಿತು?

ಈ ಹೊತ್ತಿಗೆ ಭಾವ ಬಂದರು. ಭಾವ ಗುಂಪಿನಲ್ಲಿ ಬರೆಯುವುದೇ ಅಪರೂಪ, ಹುಟ್ಟುಹಬ್ಬಕ್ಕೂ ಒಂದು ಹೆಬ್ಬೆರಳು ಹಾಕಿ ಸುಮ್ಮನಾಗುವವರು. ಆದರೆ ಅವರು ಎರಡು ವರ್ಷ ಒಂದು ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆಯ ಕೆಲಸ ಮಾಡಿದ್ದಾರೆ. ಅಕ್ಕ ಫೋನ್ ಕೈಗೆ ಕೊಟ್ಟು "ಬರೀರಿ" ಅಂದಿರಬೇಕು.

ಭಾವ: ಚಿಕ್ಕಪ್ಪ, ಒಂದು ಮಾತು. ಎಕ್ಸ್‌ರೇ ಮಷೀನ್ ಯಾವತ್ತೂ ನಿಧಾನ ಇರಲಿಲ್ಲ. ಬೆಲ್ಟ್ ನಿಂತಿರುತ್ತದೆ, ಅದೇ ತೊಂದರೆ.

ಚಿಕ್ಕಪ್ಪ: ಯಾಕೆ ನಿಲ್ಲುತ್ತದೆ ಅಳಿಯಂದಿರೇ?

ಭಾವ: ಹಳೇ ಲೇನಿನಲ್ಲಿ ಒಂದು ಬ್ಯಾಗ್ ಅನುಮಾನ ಅಂತ ಬಂತು ಅಂದ್ಕೊಳ್ಳಿ. ಅದನ್ನು ತೆಗೆದು ಬಿಚ್ಚಿ ನೋಡಲು ಯಾರಾದರೂ ಬರಬೇಕು. ಆ ಮನುಷ್ಯ ಇನ್ನೊಂದು ಬ್ಯಾಗ್ ಬಿಚ್ಚುತ್ತಿರುತ್ತಾನೆ. ಅಲ್ಲಿಯವರೆಗೆ ಈ ಬ್ಯಾಗ್ ರೋಲರ್ ಮೇಲೆ ಕೂತಿರುತ್ತದೆ. ಹಿಂದೆ ಬಂದವು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಪರದೆ ಮುಂದೆ ಕೂತವನಿಗೆ ಬೆಲ್ಟ್ ನಿಲ್ಲಿಸದೆ ಬೇರೆ ದಾರಿ ಇಲ್ಲ. ಕ್ಯೂನಲ್ಲಿ ನಿಂತವರು ಅವನನ್ನೇ ಬೈಯುತ್ತಾರೆ.

ಭಾವ: ವಿಡಿಯೊದ ಕೊನೆ ಭಾಗ ನೋಡಿ. ಒಂದು ಟ್ರೇಯನ್ನು ಮಷೀನೇ ಪಕ್ಕಕ್ಕೆ ತಳ್ಳುತ್ತದೆ. ಉಳಿದವು ನೇರ ಹೋಗುತ್ತವೆ. ಹೊಸ ಲೇನಿನ ನಿಜವಾದ ಲಾಭ ಅದು. ಐದು ಜನ ಒಟ್ಟಿಗೆ ನಿಲ್ಲೋದು ನೋಡೋಕೆ ಚೆಂದ, ಅಷ್ಟೆ.

ಪುಟ್ಟಿ: ಭಾವ, ಅದನ್ನು ಮಾತ್ರ ಒಪ್ಪಲ್ಲ. ಹಳೇ ಲೇನಿನಲ್ಲಿ ಮುಂದೆ ನಿಂತವರು ಸೊಂಟದ ಬೆಲ್ಟ್ ಬಿಚ್ಚಿ, ಜೇಬೆಲ್ಲಾ ತಡಕಾಡಿ, ಲ್ಯಾಪ್‌ಟಾಪ್ ಹುಡುಕಿ ಮುಗಿಸುವವರೆಗೂ ಹಿಂದಿನವರು ಟ್ರೇ ಹಿಡಿದು ನಿಂತಿರಬೇಕು. ಹೊಸದರಲ್ಲಿ ಐವರಿಗೂ ಅವರವರ ಜಾಗ. ಯಾರು ಮೊದಲು ಮುಗಿಸುತ್ತಾರೋ ಅವರ ಟ್ರೇ ಮೊದಲು ಹೋಗುತ್ತದೆ. ನಿಧಾನದವರು ಯಾರನ್ನೂ ತಡೆಯಲ್ಲ.

ಭಾವ: ಒಳಗೆ ಜಾಸ್ತಿ ಟ್ರೇ ಹೋದರೆ ನೋಡೋ ಕಣ್ಣು ಎಷ್ಟು? ಒಂದೇ ಜೋಡಿ.

ಭಾವ ಈ ಒಂದು ಸಾಲಿನಲ್ಲಿ ಗೆದ್ದರು ಅಂತ ನನಗೆ ಅನಿಸಿತು. ದೊಡ್ಡಪ್ಪನಿಗೂ ಅನಿಸಿರಬೇಕು, ತಕ್ಷಣ ಚಪ್ಪಾಳೆಯ ಚಿತ್ರ ಬಂತು.

ದೊಡ್ಡಪ್ಪ: ಆ ಪರದೆಯಲ್ಲಿ ಏನು ಕಾಣುತ್ತದೆ ಅಂತ ಇವರಿಗೆ ಸ್ವಲ್ಪ ಹೇಳಿ.

ಭಾವ: ಬಣ್ಣ. ಬಟ್ಟೆ, ಕಾಗದ, ಪ್ಲಾಸ್ಟಿಕ್ ಥರದ್ದು ಕಿತ್ತಳೆ. ಗಟ್ಟಿ ಲೋಹ ನೀಲಿ. ನಡುವಿನದು ಹಸಿರು. ಹತ್ತು ಪುಸ್ತಕ ಒಂದರ ಮೇಲೊಂದು ಇಟ್ಟರೆ ಇಷ್ಟು ದಪ್ಪ ಕಿತ್ತಳೆ ಗುಡ್ಡೆ ಕಾಣುತ್ತದೆ. ಸ್ಫೋಟಕವೂ ಕಿತ್ತಳೆಯೇ. ಅದಕ್ಕೇ ಪುಸ್ತಕದ ಬ್ಯಾಗನ್ನು ಸುಮ್ನೆ ಬಿಡಲ್ಲ.

ಭಾವ: ಮಷೀನ್ ಆಗಾಗ ಸುಳ್ಳು ಚಿತ್ರವನ್ನೂ ತೋರಿಸುತ್ತದೆ. ನಿಮ್ಮ ಬ್ಯಾಗಿನ ಚಿತ್ರದೊಳಗೆ ಇಲ್ಲದ ಚಾಕು ಸೇರಿಸಿ ಕೊಡುತ್ತದೆ. ನಾವು ಗುಂಡಿ ಒತ್ತಿ ಹಿಡಿಯಬೇಕು. ಬಿಟ್ಟರೆ ಲೆಕ್ಕಕ್ಕೆ ಬರುತ್ತದೆ. ನಿಜವಾದ ಚಾಕು ವಾರಗಟ್ಟಲೆ ಬರಲ್ಲವಲ್ಲ, ಬರದೇ ಇದ್ದರೆ ಕಣ್ಣು ಹುಡುಕೋದನ್ನೇ ಬಿಡುತ್ತದೆ. ಯುರೋಪಿನಲ್ಲಿ ಸಾಮಾನ್ಯವಾಗಿ ಒಬ್ಬರನ್ನು ಸತತ 20 ನಿಮಿಷಕ್ಕಿಂತ ಜಾಸ್ತಿ ಪರದೆ ಮುಂದೆ ಕೂರಿಸಬಾರದು ಅಂತ ನಿಯಮವೇ ಇದೆ.

ದೊಡ್ಡಪ್ಪ: ನೋಡು. ಇಂಥ ಕೆಲಸಕ್ಕೆ ಬೇಗ ಬೇಗ ಅಂತ ಬೆನ್ನು ಹತ್ತಿದರೆ ಏನಾಗುತ್ತದೆ? 2015ರಲ್ಲಿ ಅಮೆರಿಕದಲ್ಲೇ ಸರ್ಕಾರದ ಜನ ಪ್ರಯಾಣಿಕರ ವೇಷದಲ್ಲಿ ನಕಲಿ ಬಾಂಬು, ಆಯುಧ ಒಯ್ದು ಪರೀಕ್ಷೆ ಮಾಡಿದ್ದರು. 70ರಲ್ಲಿ 67 ಸಲ ದಾಟಿಹೋದರು ಅಂತ ಸುದ್ದಿ ಬಂತು. ಟಿಎಸ್‌ಎ ಹಂಗಾಮಿ ಮುಖ್ಯಸ್ಥರ ಕುರ್ಚಿಯೇ ಹೋಯಿತು.

ಚಿಕ್ಕಪ್ಪ: ಅಣ್ಣ, 2015 ಅಂದ್ರೆ ಈ ಲೇನ್ ಬರೋಕೆ ಮೊದಲು ಅಲ್ವಾ? ಅಂದ್ರೆ ಹಳೇ ನಿಧಾನದ ಲೇನಿನಲ್ಲೇ 67 ತಪ್ಪಿತು. ನಿಧಾನ ಆದರೆ ಭದ್ರ ಅಂತ ನೀವು ಹೇಳಿದ್ದು ಎಲ್ಲಿ ಹೋಯಿತು?

ದೊಡ್ಡಪ್ಪ ಏನೋ ಬರೆಯುತ್ತಿದ್ದಾರೆ ಅಂತ ಐದು ನಿಮಿಷ ತೋರಿಸಿತು. ಏನೂ ಬರಲಿಲ್ಲ. ಆಮೇಲೆ "ಈ ಸಂದೇಶವನ್ನು ಅಳಿಸಲಾಗಿದೆ" ಅಂತ ಬಂತು. ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಪುಟ್ಟಿ: ದೊಡ್ಡಪ್ಪ, ಇನ್ನೊಂದು ಇದೆ. ಕ್ಯೂ ಇರೋದೇ ಅಪಾಯ. 2016ರ ಮಾರ್ಚ್ 22ರಂದು ಬ್ರಸೆಲ್ಸ್ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದು ತಪಾಸಣೆ ದಾಟಿದ ಮೇಲೆ ಅಲ್ಲ. ಚೆಕ್-ಇನ್ ಹಾಲ್‌ನಲ್ಲಿ, ಜನ ಗುಂಪಾಗಿ ನಿಂತಿದ್ದ ಜಾಗದಲ್ಲಿ. ಒಳಗಿನ ವಿಮಾನ ಭದ್ರ ಮಾಡೋಕೆ ಹೊರಗೆ ಐನೂರು ಜನರನ್ನು ಒತ್ತಾಗಿ ನಿಲ್ಲಿಸಿದರೆ ಅಪಾಯ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ.

ದೊಡ್ಡಪ್ಪ: ಇದು ನಾನು ಯೋಚಿಸಿರಲಿಲ್ಲ.

ದೊಡ್ಡಪ್ಪ ಹೀಗೆ ಬರೆದದ್ದನ್ನು ನಾನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ.

ಚಿಕ್ಕಪ್ಪ: ನನ್ನ ಮಗಳು!

ಪುಟ್ಟಿ: ಅಪ್ಪಾ ಸುಮ್ನಿರಿ. ನಿಮ್ಮ ಕಡೆಯೂ ಅಲ್ಲ ನಾನು. ಲೆಕ್ಕ ಸುಲಭ. ಕ್ಯೂನಲ್ಲಿ 240 ಜನ ಇದ್ದಾರೆ, ನಿಮಿಷಕ್ಕೆ 8 ಜನ ದಾಟುತ್ತಾರೆ ಅಂದ್ರೆ ಕೊನೆಯವರು 30 ನಿಮಿಷ ಕಾಯಬೇಕು. ಲೇನ್ ಚುರುಕಾಗಿ 8 ಇದ್ದದ್ದು 10 ಆದರೆ 24 ನಿಮಿಷ. ಅದೇ ಹೊತ್ತಿಗೆ ಆಫೀಸಿನವರು "ಓ, ಈಗ ಬೇಗ ಆಗ್ತಿದೆ" ಅಂತ ಪಕ್ಕದ ಲೇನ್ ಮುಚ್ಚಿ ಇಬ್ಬರನ್ನು ಮನೆಗೆ ಕಳಿಸಿದರೆ? ಕ್ಯೂ ಮತ್ತೆ ಅಷ್ಟೇ. ಉಳಿದದ್ದು ಸಂಬಳ, ನಮ್ಮ ಸಮಯ ಅಲ್ಲ.

ಭಾವ: ಇದು ನೂರಕ್ಕೆ ನೂರು ನಿಜ. ಮುಚ್ಚಿದ ಲೇನ್ ಎದುರಿಗೇ ನಿಂತು ಜನ ನಮ್ಮನ್ನು ಕೇಳುತ್ತಿದ್ದರು, ಅದು ಯಾಕೆ ಖಾಲಿ ಅಂತ. ಏನು ಹೇಳೋದು?

ಅತ್ತೆ: ಎಲ್ಲರೂ ಬ್ಯಾಗಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಮನುಷ್ಯರ ಬಗ್ಗೆ ಯಾರಾದರೂ ಹೇಳುತ್ತೀರಾ?

ಅತ್ತೆ ಬರೆಯಲು ಬೇಸರ ಅಂತ ಇಲ್ಲಿಂದ ಧ್ವನಿ ಸಂದೇಶ ಕಳಿಸಿದರು. ಮೂರು ನಿಮಿಷದ್ದು. ಅವರ ಮಂಡಿಗೆ ಲೋಹದ ಕೀಲು ಹಾಕಿದ್ದಾರೆ. ನಾನು ಕೇಳಿ ಬರೆದುಕೊಂಡದ್ದು ಇಷ್ಟು:

ಅತ್ತೆ: (ಧ್ವನಿ) ಹೋದ ಸಲ ಹೀಗೇ ಒಂದು ಹೊಸ ಲೇನಿನಲ್ಲಿ ಹೋದೆ ಕಣ್ರೋ. ಕನ್ನಡಕ, ಕೈಚೀಲ, ಫೋನು, ಕೋಲು ಎಲ್ಲ ಟ್ರೇಗೆ ಹಾಕಿಸಿದರು. ಟ್ರೇ ಬುರ್ರ್ ಅಂತ ಹೋಗೇಬಿಟ್ಟಿತು. ನಾನು ಲೋಹ ಹಿಡಿಯೋ ಬಾಗಿಲಿಗೆ ಹೋದರೆ ಕುಂಯ್ ಅಂತು. ಪಕ್ಕಕ್ಕೆ ನಿಲ್ಲಿ ಅಂದರು. ಹೆಂಗಸರನ್ನು ಮುಟ್ಟಿ ನೋಡೋಕೆ ಹೆಂಗಸೇ ಬರಬೇಕು. ಇದ್ದವಳು ಒಬ್ಬಳು, ಅವಳ ಮುಂದೆ ಆರು ಜನ. ನಾನು ಕೈ ಚಾಚಿಕೊಂಡು ನಿಂತಿದ್ದೇನೆ, ಕನ್ನಡಕ ಇಲ್ಲ, ದೂರದಲ್ಲಿ ನನ್ನ ಟ್ರೇ ಮೇಲೆ ಇನ್ನೊಬ್ಬರ ಟ್ರೇ ಬಂದು ಗುದ್ದುತ್ತಿದೆ. ಯಾರೋ ನನ್ನ ಫೋನನ್ನು ತಮ್ಮದು ಅಂತ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿದ್ದರು. ಕೂಗಿ ನಿಲ್ಲಿಸಿದೆ. ಸಾಮಾನು ಎರಡು ನಿಮಿಷದಲ್ಲಿ ದಾಟಿತು ನಿಜ. ನಾನು ದಾಟೋಕೆ ಇಪ್ಪತ್ತು ನಿಮಿಷ.

ಒಂದಷ್ಟು ಹೊತ್ತು ಗುಂಪು ತಣ್ಣಗಿತ್ತು.

ಪುಟ್ಟಿ: ಅತ್ತೆ, ನಾನು ಪಾಠದಲ್ಲಿ ಓದಿದ್ದನ್ನು ನೀವು ನಿಂತು ನೋಡಿದ್ದೀರಿ. ಒಂದು ಕಡೆ ಚುರುಕು ಮಾಡಿದರೆ ಕ್ಯೂ ಮುಂದಿನ ನಿಧಾನದ ಜಾಗಕ್ಕೆ ಹೋಗಿ ಕೂರುತ್ತದೆ.

ಭಾವ: ಅತ್ತೆ ಹೇಳಿದ್ದು ಸರಿ. ಬ್ಯಾಗ್ ಲೇನಿಗೆ ದುಡ್ಡು ಹಾಕುತ್ತಾರೆ, ಮುಟ್ಟಿ ನೋಡೋಕೆ ಇನ್ನೊಬ್ಬ ಹೆಂಗಸನ್ನು ನಿಲ್ಲಿಸಲ್ಲ.

ಚಿಕ್ಕಪ್ಪ: ಅಕ್ಕ, ಈಗ ಅದಕ್ಕೂ ಸ್ಕ್ಯಾನರ್ ಬಂದಿದೆ. ಬ್ಯಾಗಿಗೆ ಸಿಟಿ ಸ್ಕ್ಯಾನೂ ಬಂದಿದೆ, ಆಸ್ಪತ್ರೆಯಲ್ಲಿರೋ ಥರ. ಲ್ಯಾಪ್‌ಟಾಪೂ ತೆಗೆಯಬೇಕಿಲ್ಲ, ನೀರಿನ ಬಾಟಲಿಯೂ ತೆಗೆಯಬೇಕಿಲ್ಲ.

ಭಾವ: ಸಿಟಿ ಒಳ್ಳೆಯದೇ. ಬ್ಯಾಗನ್ನು ಪರದೆ ಮೇಲೆ ತಿರುಗಿಸಿ ಎಲ್ಲ ಕಡೆಯಿಂದ ನೋಡಬಹುದು. ಆದರೆ ಬಾಟಲಿ ಮಾತು ಎಲ್ಲ ಕಡೆಗೂ ನಂಬಬೇಡಿ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ದ್ರವ ಬಾಂಬಿನ ಸಂಚು ಸಿಕ್ಕ ಮೇಲೆ 100 ಎಂಎಲ್ ನಿಯಮ ಬಂತು, ಅಂದ್ರೆ ಕೈಬ್ಯಾಗಿನಲ್ಲಿ ಅದಕ್ಕಿಂತ ದೊಡ್ಡ ಬಾಟಲಿಯಲ್ಲಿ ದ್ರವ ಒಯ್ಯೋ ಹಾಗಿಲ್ಲ. ಯುರೋಪಿನ ಕೆಲವು ನಿಲ್ದಾಣಗಳು ಸಿಟಿ ಹಾಕಿಸಿ ಅದನ್ನು ಬಿಟ್ಟಿದ್ದವು. 2024ರ ಸೆಪ್ಟೆಂಬರ್ 1ರಿಂದ ಮತ್ತೆ 100 ಎಂಎಲ್ಲೇ ಅಂದಿದ್ದರು.

ಪುಟ್ಟಿ: ಅದೇ ದೊಡ್ಡ ತಲೆನೋವು. ಒಂದು ಕಡೆ ಲ್ಯಾಪ್‌ಟಾಪ್ ತೆಗೀರಿ, ಇನ್ನೊಂದು ಕಡೆ ತೆಗೀಬೇಡಿ. ಒಂದೇ ನಿಲ್ದಾಣದಲ್ಲಿ ಪಕ್ಕಪಕ್ಕದ ಲೇನಿನಲ್ಲೂ ಬೇರೆ ಬೇರೆ. ಯಾವುದು ಅಂತ ತಿಳಿಯದೆ ಜನ ನಿಂತು ಕೇಳೋದರಲ್ಲೇ ಉಳಿಸಿದ ಸಮಯ ಹೋಗುತ್ತದೆ.

ಅತ್ತೆ: ಶೂ ಬಿಚ್ಚಬೇಕಾ ಬೇಡವಾ? ಅದನ್ನು ಹೇಳಿ.

ಚಿಕ್ಕಪ್ಪ: ಬೇಡ.

ದೊಡ್ಡಪ್ಪ: ಬಿಚ್ಚೋದೇ ಕ್ಷೇಮ.

ಪುಟ್ಟಿ: ಅಮೆರಿಕದಲ್ಲಿ 2025ರ ಜುಲೈನಿಂದ ಬೇಡ ಅಂದಿದ್ದಾರೆ. 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂನಲ್ಲಿ ಬಾಂಬ್ ಇಟ್ಟುಕೊಂಡು ವಿಮಾನ ಹತ್ತಿದ್ದ, ಅದರಿಂದ ಬಂದ ನಿಯಮ. ಬೇರೆ ಕಡೆ ಅಲ್ಲಲ್ಲಿಯದು.

ಭಾವ: ಅತ್ತೆ, ಅಲ್ಲಿ ನಿಂತವರು ಹೇಳಿದ ಹಾಗೆ ಮಾಡಿ. ಶೂಗಿಂತ ಮುಖ್ಯವಾದ ಒಂದು ವಿಷಯ ಹೇಳುತ್ತೇನೆ. ಟ್ರೇ ತುಂಬಿದ ಕೂಡಲೇ ತಳ್ಳಬೇಡಿ. ಕೈ ಅದರ ಮೇಲೇ ಇರಲಿ. ಮಂಡಿಯಲ್ಲಿ ಲೋಹ ಇದೆ ಅಂತ ಮೊದಲೇ ಹೇಳಿ. ಬಾಗಿಲು ಖಾಲಿ ಆಗಿ ನಿಮ್ಮನ್ನು ಕರೆದಾಗ ತಳ್ಳಿ. ಆಗ ಟ್ರೇ ನಿಮಗಿಂತ ತುಂಬ ಮೊದಲು ಹೋಗಿ ಅನಾಥವಾಗಿ ಕೂರಲ್ಲ.

ಅತ್ತೆ: ಹಾಗೆ ನಿಂತರೆ ಹಿಂದಿನವರು ಸುಮ್ನಿರ್ತಾರಾ? ಹೋದ ಸಲ ಒಬ್ಬ ಹುಡುಗ ನನ್ನ ಬೆನ್ನ ಹಿಂದೆ ನಿಂತು "ಉಫ್ ಉಫ್" ಅಂತಿದ್ದ. ಅದಕ್ಕೇ ಹೆದರಿ ತಳ್ಳಿಬಿಟ್ಟೆ.

ಭಾವ: ಹಳೇ ಲೇನ್ ಆದರೆ ಉಫ್ ಅಂತಾರೆ. ಐದು ಜಾಗ ಇರೋ ಲೇನಿನಲ್ಲಿ ನಿಮ್ಮ ಜಾಗ ನಿಮ್ಮದು. ನೀವು ಹತ್ತು ನಿಮಿಷ ನಿಂತರೂ ಪಕ್ಕದ ನಾಲ್ವರ ಟ್ರೇ ಹೋಗುತ್ತಲೇ ಇರುತ್ತದೆ.

ಪುಟ್ಟಿ: ಭಾವ!! ನಾನು ಬೆಳಿಗ್ಗೆ ಹೇಳಿದ್ದು ಇದೇ. ನೀವು "ನೋಡೋಕೆ ಚೆಂದ, ಅಷ್ಟೆ" ಅಂದ್ರಿ.

ಭಾವ: ಒಪ್ಪಿದೆ. ಬ್ಯಾಗಿನ ಲೆಕ್ಕದಲ್ಲಿ ಯೋಚಿಸುತ್ತಿದ್ದೆ. ಅತ್ತೆ ಲೆಕ್ಕದಲ್ಲಿ ನೋಡಿರಲಿಲ್ಲ.

ಅತ್ತೆ: ಹಾಗಾದರೆ ಆ ಲೇನ್ ಅವಸರದವರಿಗಲ್ಲ, ನನ್ನಂಥವರಿಗೆ ಮಾಡಿದ್ದು. ಶನಿವಾರ ಐದು ಜಾಗ ಇರೋ ಕಡೆಯೇ ಹೋಗಿ ನಿಂತುಕೊಳ್ಳುತ್ತೇನೆ. ಕನ್ನಡಕ ಮಾತ್ರ ಕೊನೆಗೆ ಬಿಚ್ಚುತ್ತೇನೆ.

ಚಿಕ್ಕಪ್ಪ: ನೋಡಿದ್ರಾ? ಈ ಲೇನ್ ಒಳ್ಳೆಯದು ಅಂತ ನಾನು ಬೆಳಿಗ್ಗೆಯಿಂದ ಬಡಕೊಳ್ಳುತ್ತಿದ್ದೆ.

ದೊಡ್ಡಪ್ಪ: ನೀನು ಹೇಳಿದ್ದು ಎರಡು ನಿಮಿಷ ಅಂತ.