ವ್ಯಾನ್ ಇದೆ, ಓಟಿಲ್ಲ

"ನಾನಂತೂ ಸಾಕರ್ ಮಾಮ್ ಅಲ್ಲಪ್ಪ" ಎಂದು ನಂದಿನಿ ಘೋಷಿಸಿದಳು. ಸಾಕರ್ ಅಂದರೆ ನಮ್ಮ ಫುಟ್‌ಬಾಲು; ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ಆಟಕ್ಕೂ ಕ್ಲಾಸಿಗೂ ಓಡಾಡಿಸುವ ಬಡಾವಣೆಯ ಅಮ್ಮನಿಗೆ ಅಮೆರಿಕದಲ್ಲಿ ಸಾಕರ್ ಮಾಮ್ ಎಂದು ಹೆಸರು. ಒಂದು ಕೈಯಲ್ಲಿ ಹೆಚ್ಚಿದ ಕಿತ್ತಳೆ ಹಣ್ಣಿನ ಡಬ್ಬಿ, ಇನ್ನೊಂದರಲ್ಲಿ ಇಡೀ ಟೀಮಿನ ನೀರಿನ ಬಾಟಲಿಗಳ ಚೀಲ, ಹೆಗಲಿಗೆ ಮಡಚುವ ಕುರ್ಚಿ, ಹಲ್ಲಿನ ನಡುವೆ ಹೊಂಡಾ ಒಡಿಸ್ಸಿ ವ್ಯಾನಿನ ಕೀಲಿ. ಕೀಲಿಯ ದೆಸೆಯಿಂದ ಘೋಷಣೆ ಯಾರಿಗೂ ಸರಿಯಾಗಿ ಕೇಳಿಸದೆ ಎರಡನೇ ಸಲ ಹೇಳಬೇಕಾಯಿತು.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಶನಿವಾರ ಬೆಳಿಗ್ಗೆ ಸಾಕರ್ ಮೈದಾನದ ಅಂಚಿಗೆ ಬಂದು ಕೂತರೆ ರಾಜ್ಯೋತ್ಸವದ ಕಾರ್ಯಕ್ರಮಕ್ಕಿಂತ ಹೆಚ್ಚು ಕನ್ನಡ ಕಿವಿಗೆ ಬೀಳುತ್ತದೆ. ಅವತ್ತು ಬೇರೆ 'ಸೈಲೆಂಟ್ ಸ್ಯಾಟರ್‌ಡೇ'. ಅಪ್ಪ ಅಮ್ಮಂದಿರು ಬೊಬ್ಬೆ ಹೊಡೆದು ರೆಫರಿಯ ಜೀವ ತಿನ್ನುತ್ತಾರೆಂದು ಇಲ್ಲಿನ ಕೆಲವು ಲೀಗುಗಳು ಆಗಾಗ ಇಂಥದ್ದೊಂದು ಮೌನವ್ರತ ಮಾಡಿಸುತ್ತವೆ. ಚಪ್ಪಾಳೆ ತಟ್ಟಬಹುದು, ಬಾಯಿ ಬಿಡುವಂತಿಲ್ಲ. ಕೆಲವು ಕಡೆ ದೊಡ್ಡವರ ಬಾಯಿಗೆ ಲಾಲಿಪಾಪ್ ಕೊಟ್ಟು ಕೂರಿಸುವುದೂ ಉಂಟು.

ನಮ್ಮ ಶಾಲಿನಿ ಧಾರವಾಡದವಳು. ಅವಳ ಬಾಯಿಗೆ ಸಾಲುವ ಲಾಲಿಪಾಪನ್ನು ಇನ್ನೂ ಯಾರೂ ತಯಾರಿಸಿಲ್ಲ. "ಬಲಕ್ಕ ಓಡಲೇ, ಬಲಕ್ಕ!" ಎಂದು ಕೂಗಿಯೇ ಬಿಟ್ಟಳು. ರೆಫರಿ ತಿರುಗಿ ನೋಡಿದ. ಇವಳು ಪಕ್ಕದಲ್ಲಿದ್ದ ನನ್ನ ಅತ್ತೆಯ ಕಡೆ ಕೈ ತೋರಿಸಿ, ವಯಸ್ಸಾದವರು, ಕಿವಿ ಮಂದ ಎಂಬಂತೆ ಮುಖ ಮಾಡಿದಳು. ತಿಪಟೂರಿನಿಂದ ಆರು ತಿಂಗಳ ವೀಸಾದಲ್ಲಿ ಬಂದಿರುವ ನನ್ನ ಅತ್ತೆಗೆ ಎರಡು ಮನೆ ಆಚೆ ಕುಕ್ಕರ್ ಕೂಗಿದರೂ ಕೇಳಿಸುತ್ತದೆ.

"ನೀ ಯಾಕ ಸಾಕರ್ ಮಾಮ್ ಅಲ್ಲ? ವ್ಯಾನ್ ಅದ, ಕುರ್ಚಿ ಅದ, ಕಿತ್ತಳೆ ಅದ. ಇನ್ನೇನ್ ಬೇಕು, ಸರ್ಟಿಫಿಕೇಟಾ?" ಎಂದಳು ಶಾಲಿನಿ.

"ಅವ್ರೆಲ್ಲಾ ಬೇರೆ ಥರ ಕಣೇ. ಬೆಳಿಗ್ಗೆ ಎದ್ರೆ ಯೋಗದ ಪ್ಯಾಂಟು..."

ನಾವೆಲ್ಲ ನಂದಿನಿಯ ಕಾಲು ನೋಡಿದೆವು. ಅವಳೂ ನೋಡಿಕೊಂಡಳು.

"ನಾನು ಇದನ್ನ ಯೋಗಕ್ಕೆ ಹಾಕ್ಕೊಳ್ಳಲ್ಲ" ಎಂದಳು.

"ಯಾರೂ ಹಾಕ್ಕೊಳ್ಳೂದಿಲ್ಲ. ಅದಕ್ಕನ ಹಂಗಂತಾರ."

ಅತ್ತೆಯ ಕಣ್ಣು ಮಾತ್ರ ಎಲ್ಲರ ಕುರ್ಚಿಯ ಕೈಗೆ ಸಿಕ್ಕಿಸಿದ್ದ ಸ್ಟ್ಯಾನ್ಲಿ ಟಂಬ್ಲರುಗಳ ಮೇಲಿತ್ತು. 40 ಔನ್ಸಿನದು, ಹತ್ತಿರ ಹತ್ತಿರ 1.2 ಲೀಟರ್ ನೀರು ಹಿಡಿಯುತ್ತದೆ. 1913ರಿಂದ ಕೂಲಿಯವರಿಗೂ ಕಾಡಿಗೆ ಹೋಗುವವರಿಗೂ ಫ್ಲಾಸ್ಕ್ ಮಾರಿಕೊಂಡಿದ್ದ ಕಂಪನಿ ಅದು. 2024ರ ಆರಂಭದಲ್ಲಿ ಅದರ ನಸುಗೆಂಪು ಟಂಬ್ಲರ್ ಬಂದಾಗ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೆಂಗಸರು ಸಾಲು ನಿಂತಿದ್ದರು. ಅತ್ತೆ ಒಂದನ್ನು ಎತ್ತಿ ತೂಗಿ ನೋಡಿ, "ಬಚ್ಚಲ ಹಂಡೆಗೆ ಹಿಡಿ ಹಾಕ್ಸಿದಂಗಿದೆ" ಎಂದು ಅಲ್ಲೇ ಇಟ್ಟರು.

ಇಷ್ಟು ಹೊತ್ತಿಗೆ ಪ್ರಸನ್ನ ಬಂದರು. ನಮ್ಮ ಗುಂಪಿನ ಏಕೈಕ ಗಂಡಸು. ಹುಡುಗರ ಟೀಮಿನ ವಾಟ್ಸಾಪ್ ಗುಂಪಿಗೆ ಮೊದಲಿನಿಂದಲೂ 'ಟೀಮ್ ಮಾಮ್ಸ್' ಎಂದೇ ಹೆಸರು. ಅದರಲ್ಲಿ ಇವರೂ ಇದ್ದಾರೆ. ಹೆಸರು ಬದಲಾಯಿಸಿ ಎಂದು ಒಮ್ಮೆ ಕೇಳಿದ್ದರು, ಹದಿನೇಳು ಹೆಬ್ಬೆಟ್ಟು ಬಂತು, ಬದಲಾವಣೆ ಬರಲಿಲ್ಲ.

"ಸಾಕರ್ ಮಾಮ್ ಅನ್ನೋದು ಬೈಗುಳ ಅಲ್ಲ ಗೊತ್ತಾ, ಅದು ಚುನಾವಣೆಯ ಮಾತು" ಎಂದು ಪ್ರಸನ್ನ ಕುರ್ಚಿ ಬಿಡಿಸಿದರು. ಕುರ್ಚಿ ಬಿಡಿಸಿದರೆಂದರೆ ಉಪನ್ಯಾಸ ಖಚಿತ. "1995ರಲ್ಲಿ ಡೆನ್ವರ್‌ನಲ್ಲಿ ಸೂಸನ್ ಕೇಸಿ ಅಂತ ಒಬ್ರು ನಗರಸಭೆ ಚುನಾವಣೆಗೆ ನಿಂತ್ರು. 'ನಗರಸಭೆಗೆ ಒಬ್ಬ ಸಾಕರ್ ಮಾಮ್' ಅನ್ನೋದೇ ಅವರ ಘೋಷಣೆ. ಗೆದ್ರು ಕೂಡ. ಅಸಲಿಗೆ ಅವರು ಪಿಎಚ್‌ಡಿ ಮಾಡಿದೋರು."

"ಪಿಎಚ್‌ಡಿ ಮುಚ್ಚಿಟ್ಟು ಚೆಂಡು ತೋರ್ಸಿದ್ರಾ?" ಎಂದು ನಂದಿನಿ ಕೇಳಿದಳು.

"ಓದಿದೋಳು ಅಂದ್ರೆ ಓಟು ಬೀಳಲ್ಲ, ಪಕ್ಕದ ಮನೆಯೋಳು ಅಂದ್ರೆ ಬೀಳತ್ತೆ. ಮಾರನೇ ವರ್ಷ ಕ್ಲಿಂಟನ್ನು, ಬಾಬ್ ಡೋಲ್ ಅಧ್ಯಕ್ಷಗಿರಿಗೆ ಎದುರುಬದುರು ನಿಂತಾಗ ಇಡೀ ದೇಶದ ಪೇಪರಿನವರು ಅದನ್ನೇ ಹಿಡ್ಕೊಂಡ್ರು. ಊರಾಚೆಯ ಬಡಾವಣೆ, ದೊಡ್ಡ ಮನೆ, ಮಿನಿವ್ಯಾನು, ಹಿಂದಿನ ಸೀಟಲ್ಲಿ ಮಕ್ಕಳು. ಇವಳು ಯಾರಿಗೆ ಓಟು ಹಾಕ್ತಾಳೆ ಅನ್ನೋದೇ ಚರ್ಚೆ. 2004ರಲ್ಲಿ ಅವಳೇ, ಭಯೋತ್ಪಾದನೆಯ ಹೆದರಿಕೆಗೆ, ಸೆಕ್ಯೂರಿಟಿ ಮಾಮ್ ಆದ್ಲು. 2008ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಸಾರಾ ಪೇಲಿನ್ ಬಂದು ನಾನು ಹಾಕಿ ಮಾಮ್ ಅಂದ್ರು. ನಾಲ್ಕು ವರ್ಷಕ್ಕೊಂದು ಸಲ ಅಮ್ಮಂದಿರಿಗೆ ನಾಮಕರಣ."

ನಂದಿನಿ ಕಿತ್ತಳೆ ಡಬ್ಬಿ ಕೆಳಗಿಟ್ಟಳು. "ನಾನು ಅಲ್ಲ ಅಂದಿದ್ದು ಸರಿಯಾಯ್ತಲ್ಲ! ನಮಗೆ ಓಟೇ ಇಲ್ಲ. ಗ್ರೀನ್ ಕಾರ್ಡ್ ಬಂದು, ಐದು ವರ್ಷ ಆಗಿ, ಸಿಟಿಜನ್ ಆದ್ಮೇಲೆ ತಾನೇ ಓಟು? ವರ್ಷಕ್ಕೆ ಕೊಡೋ ಗ್ರೀನ್ ಕಾರ್ಡಲ್ಲಿ ಒಂದೊಂದು ದೇಶಕ್ಕೆ ನೂರಕ್ಕೆ 7ರ ಮಿತಿ ಹಾಕಿ ಕೂರ್ಸಿದ್ದಾರೆ. ನಮ್ಮ ಸರದಿ ಬರೋಷ್ಟ್ರಲ್ಲಿ ಈ ಮಕ್ಕಳೇ ಅಪ್ಪಂದಿರಾಗಿರ್ತಾರೆ. ವ್ಯಾನ್ ಓಡ್ಸೋದಕ್ಕೆ ನಾವು ಮಾಮ್, ಓಟಿಗೆ ಅಲ್ಲ."

ಇದು ಹಾಸ್ಯಕ್ಕೆ ಹೇಳಿದ್ದೇ. ಆದರೂ ನಂದಿನಿಯ ಕಥೆ ಗೊತ್ತಿರುವ ನಮಗೆ ಪೂರ್ತಿ ನಗು ಬರಲಿಲ್ಲ. ಮೈಸೂರಿನಲ್ಲಿ ಎಂಟೆಕ್ ಮಾಡಿ, ಬೆಂಗಳೂರಿನಲ್ಲಿ ಚಿಪ್ ಡಿಸೈನ್ ಮಾಡುತ್ತಿದ್ದವಳು. ಗಂಡನ ಹಿಂದೆ, ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದಾಗ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. 2015ರ ಮೇ ತಿಂಗಳಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಯೂ ದುಡಿಯಬಹುದು ಎಂಬ ನಿಯಮ ಬಂತು. ಇವಳ ಮನೆಯ ಅರ್ಜಿ ಆ ಹಂತಕ್ಕೆ ಬರಲು ಇನ್ನೂ ಸಮಯ ಹಿಡಿಯಿತು. ಅಷ್ಟರಲ್ಲಿ ಅವಳು ಶಾಲೆಯ ಪಿಟಿಎ (ಪೋಷಕ-ಶಿಕ್ಷಕರ ಸಂಘ) ಖಜಾಂಚಿ, ಲೈಬ್ರರಿ ಸಹಾಯಕಿ, ಫೀಲ್ಡ್ ಟ್ರಿಪ್ಪಿನ ಕಾವಲುಗಾರ್ತಿ, ಎಲ್ಲ ಆಗಿದ್ದಳು.

"ಸಂಬಳ ಇಲ್ಲದ ಕೆಲಸಕ್ಕೆ ಈ ದೇಶ ಪರ್ಮಿಟ್ ಕೇಳಲ್ಲ" ಎಂಬುದು ಅವಳದೇ ಮಾತು.

"ಪಿಟಿಎ ಅಂದ್ರೆ ನೆನಪಾಯ್ತು" ಎಂದು ಪ್ರಸನ್ನ ಮತ್ತೆ ಶುರು ಮಾಡಿದರು. "1897ರಲ್ಲಿ ವಾಷಿಂಗ್ಟನ್ನಿನಲ್ಲಿ ಅದು ಹುಟ್ಟಿದಾಗ ಅದರ ಹೆಸರೇ ಅಮ್ಮಂದಿರ ರಾಷ್ಟ್ರೀಯ ಕಾಂಗ್ರೆಸ್ಸು."

"ಈಗೂ ಮೀಟಿಂಗಿಗೆ ಬಂದು ನೋಡ್ರಿ. ಹೆಸರಷ್ಟ ಬದಲಾಗೇದ" ಎಂದಳು ಶಾಲಿನಿ.

"ನಮ್ ಮೇಲೆ ಇನ್ನೊಂದು ಬಿರುದೂ ಇದೆಯಲ್ಲ" ಎಂದೆ ನಾನು. "ಬಿಳಿ ಅಮ್ಮ ಅಂದ್ರೆ ಕಪ್‌ಕೇಕು, ಸಂಜೆ ಆದ್ರೆ ವೈನು. ನಾವು ಅಂದ್ರೆ ಕುಮಾನ್ ಟ್ಯೂಷನ್ನು, ಸ್ಪೆಲ್ಲಿಂಗ್ ಬೀ ಅನ್ನೋ ಪದ ಬಿಡಿಸೋ ಸ್ಪರ್ಧೆ. 2019ರಲ್ಲಿ ಎಂಟು ಮಕ್ಕಳು ಒಟ್ಟಿಗೆ ಸ್ಪೆಲ್ಲಿಂಗ್ ಬೀ ಗೆದ್ರು, ಏಳು ಜನ ನಮ್ಮ ಭಾರತ ಮೂಲದವರು. ಆ ವಾರ ಸಿಕ್ಕವರೆಲ್ಲ ನನ್ನ ಕೇಳಿದ್ದು ಒಂದೇ, ನಿಮ್ಮ ಮಗಂಗೆ ದಿನಾ ಎಷ್ಟು ಪದ ಬಾಯಿಪಾಠ ಮಾಡಿಸ್ತೀರಾ ಅಂತ. ನನ್ನ ಮಗ ತನ್ನ ಮಿಡ್ಲ್ ನೇಮೇ ತಪ್ಪು ಬರೀತಾನೆ."

"ಅಂದ್ರೂ ಕುಮಾನಿಗೆ ಹಾಕೀಯಲ್ಲ?"

"ಎಲ್ಲರೂ ಹಾಕಿದಾರಲ್ಲೇ."

ಪ್ರಸನ್ನ ಮುಂದಕ್ಕೆ ಬಾಗಿದರು. "ಆ ಕುಮಾನ್ ಶುರು ಮಾಡಿದ್ದು ಯಾರು? ಒಬ್ಬ ಅಪ್ಪ! ಜಪಾನಿನ ತೋರು ಕುಮಾನ್, ಹೈಸ್ಕೂಲ್ ಲೆಕ್ಕದ ಮೇಷ್ಟ್ರು. 1954ರಲ್ಲಿ ತನ್ನ ಮಗನಿಗೋಸ್ಕರ ಕೈಯಾರೆ ಲೆಕ್ಕ ಬರ್ಕೊಟ್ಟ. ಅಪ್ಪಂದಿರೂ ಮಾಡ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?"

ನಂದಿನಿ ಆಗಲೇ ಫೋನ್ ತೆಗೆದಿದ್ದಳು. "ಮಗನಿಗೆ ಲೆಕ್ಕದಲ್ಲಿ ಕಮ್ಮಿ ನಂಬರ್ ಬಂದಿದೆ, ಏನಾದ್ರೂ ಮಾಡಿ ಅಂತ ಅವರಿಗೆ ಹೇಳಿದ್ದು ಹೆಂಡತಿ. ತೇಯ್ಕೋ ಕುಮಾನ್."

"ಪಾಪ, ಅಕಿ ಹೆಸರಿನಾಗ ಒಂದು ಸೆಂಟರ್ ಇಲ್ಲ ನೋಡು" ಎಂದಳು ಶಾಲಿನಿ.

ಅತ್ತೆ ಇಷ್ಟು ಹೊತ್ತು ರಸ್ತೆ ಕಡೆ ನೋಡುತ್ತಿದ್ದರು. "ಅಲ್ಲಾ ಕಣೇ, ಇಷ್ಟು ಅಗಲದ ರಸ್ತೇಲಿ ಒಂದು ನರಪಿಳ್ಳೆ ನಡೀತಿಲ್ವಲ್ಲ? ಮಕ್ಕಳು ಅವರಷ್ಟಕ್ಕೆ ಸ್ಕೂಲಿಗೆ ಹೋಗಲ್ವಾ?"

ಹೋಗಲಾಗದು ಎಂದು ವಿವರಿಸಿದೆ. ಮನೆ ಒಂದು ಕಡೆ, ಶಾಲೆ ಇನ್ನೊಂದು ಕಡೆ, ಮೈದಾನ ಮೂರನೇ ಕಡೆ, ನಡುವೆ ಆರು ಲೇನಿನ ರಸ್ತೆ. ಈ ಬಡಾವಣೆಗಳನ್ನು ಕಟ್ಟಿದ್ದೇ ಕಾರನ್ನು ಲೆಕ್ಕಕ್ಕೆ ಹಿಡಿದು. 1983ರ ಕೊನೆಗೆ ಕ್ರೈಸ್ಲರ್ ಕಂಪನಿ ಮಿನಿವ್ಯಾನ್ ತಂದದ್ದು ಯಾಕೆ ಅಷ್ಟು ಓಡಿತು ಅಂದರೆ, ಅಷ್ಟು ಹೊತ್ತಿಗೆ ಪ್ರತಿ ಮನೆಯ ತಾಯಿಯೂ ಒಂದು ಬಸ್ ಸರ್ವಿಸ್ ನಡೆಸುತ್ತಿದ್ದಳು, ಬಸ್ಸೊಂದು ಇರಲಿಲ್ಲ. ಅದೂ ಪಕ್ಕದ ಮನೆ ಮಗುವನ್ನು ಸುಮ್ಮನೆ ಹತ್ತಿಸಿಕೊಳ್ಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಎಂಟು ವರ್ಷದ ತನಕ ಕಾರ್ ಸೀಟೋ ಬೂಸ್ಟರೋ ಕಡ್ಡಾಯ. ಹಾಗಾಗಿ ತಮ್ಮ ತಂಗಿಯರೂ ಹತ್ತುವ ಕಾರ್‌ಪೂಲ್ ಅಂದರೆ ಮಕ್ಕಳಿಗಿಂತ ಜಾಸ್ತಿ ಸೀಟುಗಳ ಓಡಾಟ.

ಅತ್ತೆ ತಲೆಯಾಡಿಸಿದರು. "ನಿನ್ನ ಗಂಡ ಐದನೇ ಕ್ಲಾಸಲ್ಲಿ ಎ ಸೆಕ್ಷನ್ನೋ ಬಿ ಸೆಕ್ಷನ್ನೋ ನಂಗೆ ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಹೋಗ್ತಿದ್ದ, ಸಂಜೆ ಬರ್ತಿದ್ದ. ಬರ್ಲಿಲ್ಲ ಅಂದ್ರೆ ಕೆರೆ ಹತ್ರ ಕಳಿಸ್ತಿದ್ದೆ ಯಾರನ್ನಾದ್ರೂ. ನಿಮ್ಮಷ್ಟು ಓಡಾಡಿದ್ದಿದ್ರೆ ನಾನು ತಿಪಟೂರಿಂದ ಅರಸೀಕೆರೆಗೆ ಬಸ್ಸೇ ಬಿಡಬಹುದಿತ್ತು."

ಅಷ್ಟರಲ್ಲಿ ಹಾಫ್ ಟೈಮ್. ಆಟದಲ್ಲಿ ನಾವು ಸೋಲುತ್ತಿದ್ದೆವು, ಅದನ್ನು ಬರೆಯುವ ಅಗತ್ಯವಿಲ್ಲ. ಪ್ರಸನ್ನ ಎದ್ದು ನಂದಿನಿಯ ಡಬ್ಬಿಯಿಂದ ಮಕ್ಕಳಿಗೆ ಕಿತ್ತಳೆ ಹಂಚಿದರು. ಎದುರು ಟೀಮಿನ ಅಜ್ಜಿಯೊಬ್ಬರು ನಿಂತು ನೋಡಿ, "ವಾಟ್ ಎ ವಂಡರ್‌ಫುಲ್ ಫಾದರ್!" ಎಂದು ಎದೆ ಮೇಲೆ ಕೈಯಿಟ್ಟರು. ಪ್ರಸನ್ನ ತಲೆಬಾಗಿ ಸ್ವೀಕರಿಸಿದರು.

"ಕಿತ್ತಳೆ ಹೆಚ್ಚಿದ್ದು ನಾನು" ಎಂದಳು ನಂದಿನಿ.

"ಹಂಚಿದ್ದು ನಾನು" ಎಂದರು ಪ್ರಸನ್ನ. "ಸುಮ್ನೆ ಹೇಳ್ತಿಲ್ಲ, ನಮ್ಮನೇಲಿ ಎಲ್ಲಾ ಅರ್ಧ ಅರ್ಧ. ಅವಳಷ್ಟೇ ನಂಗೂ ಎಲ್ಲಾ ಗೊತ್ತು."

ಕೋಚ್ ಕ್ಲಿಪ್‌ಬೋರ್ಡ್ ಹಿಡಿದು ಬಂದ. ಮುಂದಿನ ತಿಂಗಳ ಟೂರ್ನಮೆಂಟಿನ ಫಾರ್ಮು. ಶುಕ್ರವಾರ ಮಕ್ಕಳು ಬೇಗ ಹೊರಡಬೇಕು, ಶಾಲೆಗೆ ತಿಳಿಸಬೇಕು, ಮಗನ ಕ್ಲಾಸ್ ಟೀಚರ್ ಹೆಸರೇನು ಎಂದು ಮೊದಲು ಪ್ರಸನ್ನರನ್ನೇ ಕೇಳಿದ.

ಪ್ರಸನ್ನ ಆಕಾಶ ನೋಡಿದರು. ಮೈದಾನ ನೋಡಿದರು. ಮಿಸೆಸ್ ಎಂದು ಶುರು ಮಾಡಿ ಅಲ್ಲೇ ನಿಲ್ಲಿಸಿದರು. ಕೊನೆಗೆ ಫೋನ್ ಕಿವಿಗಿಟ್ಟು, ಸೈಲೆಂಟ್ ಸ್ಯಾಟರ್‌ಡೇ ನಿಯಮವನ್ನು ಅಕ್ಷರಶಃ ಪಾಲಿಸುತ್ತ, ಪಿಸುಗುಟ್ಟಿದರು: "ಲೇ, ಇವನ ಟೀಚರ್ ಹೆಸರೇನೇ?"

ಅತ್ತೆಗೆ ಅದೂ ಕೇಳಿಸಿತು. "ನಗಬೇಡ್ರೇ" ಎಂದು ನಮ್ಮನ್ನು ಗದರಿದರು. "ಇವರು ನಮ್ ಕಾಲದೋರು."