ಸಾಹುಕಾರ್ರು ಜೆಟ್ ಕೊಳ್ಳಬೇಕು ಅಂತಿದ್ದಾರೆ, ಏನೇನು ನೋಡಬೇಕು?

ಬ್ಯಾಡಗಿ ದಿವಾನಜಿ

ನಮಸ್ಕಾರ. ನಗಬೇಡಿ, ನಿಜವಾದ ಪ್ರಶ್ನೆ. ಬ್ಯಾಡಗಿ ಪೇಟೆಯ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಈಗ ಕಾಯಿಯಿಂದ ಓಲಿಯೋರೆಸಿನ್, ಅಂದರೆ ಬಣ್ಣ-ಖಾರದ ಸಾರ, ತೆಗೆಯುವ ಫ್ಯಾಕ್ಟರಿಯೂ ಇದೆ. ಸಾಹುಕಾರ್ರಿಗೆ ಮುಂಬೈ, ದೆಹಲಿ, ಕೊಚ್ಚಿ ಓಡಾಟ ಜಾಸ್ತಿ. ದೆಹಲಿಯ ದಲ್ಲಾಳಿಯೊಬ್ಬ 12 ವರ್ಷ ಹಳೆಯ ಏಳು ಸೀಟಿನ ಜೆಟ್‌ನ ಫೋಟೋ ಕಳಿಸಿದ್ದಾನೆ. ವಿಮಾನ ಹೊರದೇಶದಲ್ಲಿದೆ, 35 ಕೋಟಿ ಅಂತಾನೆ. "ನಿಮಗೆ ಬೇಕಾದಷ್ಟು ಹಾರಿಸಿ, ಉಳಿದ ದಿನ ಬಾಡಿಗೆಗೆ ಬಿಡಿ, ಖರ್ಚು ಗಿಟ್ಟುತ್ತದೆ" ಅನ್ನೋದು ಅವನ ಮಾತು.

ಲಾರಿ ಕೊಂಡು ಗೊತ್ತು, ಟ್ರ್ಯಾಕ್ಟರ್ ಕೊಂಡು ಗೊತ್ತು. ಇದರದ್ದು ಏನು ನೋಡಬೇಕು, ತಿಳಿದವರು ಹೇಳಿ.

ಹಾವೇರಿ ಹುಡುಗ

2003ರಲ್ಲಿ ಏರ್ ಡೆಕ್ಕನ್ ತನ್ನ ಹಾರಾಟ ಶುರು ಮಾಡಿದ್ದು ಹುಬ್ಬಳ್ಳಿ-ಬೆಂಗಳೂರು ನಡುವೆ. ಬಸ್ಸಿನವರೂ ವಿಮಾನ ಹತ್ತಲಿ ಅಂತ. ನಿಮ್ಮ ಸಾಹುಕಾರ್ರು ಅಲ್ಲಿಂದ ಎಲ್ಲಿಗೆ ಬಂದರು ನೋಡಿ! ನನಗೂ ಒಂದು ಸೀಟು ಇರಲಿ ದಿವಾನಜಿಯವರೇ.

ಮಾಳಮಡ್ಡಿ ಮೆಕ್ಯಾನಿಕ್

ದಿವಾನಜಿಯವರೇ, ನಾನು ವಿಮಾನ ರಿಪೇರಿಯ ಲೈಸೆನ್ಸ್ ಇದ್ದ ಎಂಜಿನಿಯರ್. 31 ವರ್ಷ ದುಡಿದು ಈಗ ಧಾರವಾಡದಲ್ಲಿ ಮನೆ ಹಿಡಿದು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ.

35 ಕೋಟಿ ಅನ್ನೋದನ್ನು ಸದ್ಯಕ್ಕೆ ಮರೆತುಬಿಡಿ. ಹೋದ ವರ್ಷದ ಟಿಕೆಟ್ ಬಿಲ್ಲು ತೆಗೆದು ಸಾಹುಕಾರ್ರು ಎಷ್ಟು ಸಲ, ಎಲ್ಲೆಲ್ಲಿಗೆ ಹೋದರು ಎಣಿಸಿ. ಅದನ್ನು ಗಂಟೆಗೆ ತನ್ನಿ. ಹುಬ್ಬಳ್ಳಿಯಿಂದ ಮುಂಬೈಗೆ ನೇರ ದಾರಿ 500 ಕಿ.ಮೀ. ಒಳಗೇ ಇದೆ, ಹೋಗಿಬರಲು ಎರಡು ಗಂಟೆ ಹಿಡಿಯಿರಿ. ದೆಹಲಿ ಸುಮಾರು 1,500 ಕಿ.ಮೀ., ಹೋಗಿಬರಲು ಐದು ಗಂಟೆ ಸಾಕು. ವರ್ಷಕ್ಕೆ 200 ಗಂಟೆ ದಾಟದಿದ್ದರೆ ಸ್ವಂತದ್ದು ಬೇಡ, ಬಾಡಿಗೆಯೇ ಸಾಕು ಅನ್ನೋದು ಈ ಧಂದೆಯವರ ಹಳೆ ಲೆಕ್ಕ. ವಿಮಾನ ಹಾರಲಿ ಬಿಡಲಿ, ಪೈಲಟ್ ಪಗಾರ, ಅವರ ಸಿಮ್ಯುಲೇಟರ್ ತರಬೇತಿ, ವಿಮೆ, ನಿಲ್ಲಿಸುವ ಜಾಗದ ಬಾಡಿಗೆ ಇವು ಯಾವುವೂ ನಿಲ್ಲೋದಿಲ್ಲ. ಮನೆಯಲ್ಲಿ ಕಟ್ಟಿದ ಎತ್ತು, ಗಳೆ ಹೂಡದಿದ್ದರೂ ಮೇವು ಹಾಕಲೇಬೇಕು ಅಲ್ವಾ?

ಬಾಡಿಗೆಗೆ ಬಿಡಿ ಅಂದನಲ್ಲ, ಅದು ಬಾಯಿಮಾತು. ಪ್ರೈವೇಟ್ ಅಂತ ನೋಂದಣಿಯಾದ ವಿಮಾನದಲ್ಲಿ ದುಡ್ಡು ತೆಗೆದುಕೊಂಡು ಯಾರನ್ನೂ ಕೂರಿಸುವ ಹಾಗಿಲ್ಲ. ಅದಕ್ಕೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಕೊಡುವ ನಾನ್-ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್, ಅಂದರೆ ವೇಳಾಪಟ್ಟಿ ಇಲ್ಲದೆ ಬಾಡಿಗೆಗೆ ಹಾರಿಸುವ ಪರವಾನಗಿ, ಬೇಕು. ಇಲ್ಲವೇ ಆ ಪರ್ಮಿಟ್ ಇರುವ ಕಂಪನಿಯ ಕೈಗೆ ವಿಮಾನ ಒಪ್ಪಿಸಬೇಕು. ಆಗ ಸಾಹುಕಾರ್ರಿಗೆ ಬೇಕಾದ ದಿನವೇ ಅದು ಬೇರೆ ಗಿರಾಕಿಯನ್ನು ಕರೆದುಕೊಂಡು ಗೋವಾಕ್ಕೆ ಹೋಗಿರುತ್ತೆ.

ತೆರಿಗೆ ಬೇರೆ. ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40. ನಿಮ್ಮ 35 ಕೋಟಿಯ ಮೇಲೆ 14 ಕೋಟಿ ಅಷ್ಟೇ ಆಯ್ತು. ಸ್ವಂತಕ್ಕಲ್ಲದೆ ತಂದರೆ ಶೇ 5. ಈ ಅಂತರ ನೋಡಿ, ಬಾಡಿಗೆಗೆ ಅಂತ ತೋರಿಸಿ ಮನೆಮಂದಿಯೇ ಓಡಾಡೋಣ ಅನ್ನೋ ಯೋಚನೆ ಬರುತ್ತೆ. ದಯವಿಟ್ಟು ಬೇಡ. ಹಾಗೆ ಮಾಡಿದವರ ವಿಮಾನಗಳನ್ನು ಕಸ್ಟಮ್ಸ್‌ನವರು ಹಿಂದೆ ಹಿಡಿದು ನಿಲ್ಲಿಸಿದ್ದಾರೆ.

ಇನ್ನು ನನ್ನ ಕಸುಬಿನ ಮಾತು. ಒಮ್ಮೆ ಒಬ್ಬರ ಪರವಾಗಿ ಹಳೆ ಜೆಟ್ ನೋಡಲು ಹೋಗಿದ್ದೆ. ಹೊಸ ಬಣ್ಣ, ಹೊಸ ಲೆದರ್ ಸೀಟು, ಒಳಗೆ ಕಾಲಿಟ್ಟರೆ ಮದುವೆ ಮನೆ. ಲಾಗ್‌ಬುಕ್ ಕೇಳಿದೆ. ಒಂದು ಪುಸ್ತಕ ಮಾರ್ಚ್‌ಗೆ ಮುಗಿದಿದೆ, ಮುಂದಿನದು ಮಾರನೇ ವರ್ಷದ ಮೇನಲ್ಲಿ ಶುರು. ನಡುವಿನ 14 ತಿಂಗಳು ಎಲ್ಲಿ? "ಸುಮ್ನೆ ನಿಂತಿತ್ತು ಸರ್" ಅಂದರು. ಎಲ್ಲಿ ನಿಂತಿತ್ತು ಅಂತ ಯಾರೂ ಹೇಳಲಿಲ್ಲ. ನಾನು ಹಿಂದಿನ ಟಾಯ್ಲೆಟ್ ಹತ್ತಿರ ಕಾರ್ಪೆಟ್ ಎತ್ತಿಸಿದೆ, ನೆಲದ ಹಲಗೆ ಬಿಚ್ಚಿಸಿದೆ. ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ತಗಡಿನ ಮೇಲೆ ರಂಗೋಲಿ ಪುಡಿ ಉದುರಿಸಿದ ಹಾಗಿತ್ತು. ಅಲ್ಯೂಮಿನಿಯಂಗೆ ಹಿಡಿಯುವ ತುಕ್ಕು ಕೆಂಪಗಿರಲ್ಲ, ಬಿಳಿ. ಉಗುರಿನಿಂದ ಕೆರೆದೆ. ಈರುಳ್ಳಿ ಸಿಪ್ಪೆಯಂತೆ ಪದರು ಎದ್ದು ಬಂತು. ಸಮುದ್ರದ ಗಾಳಿಗೆ ಬಯಲಲ್ಲಿ ನಿಂತಿದ್ದ ವಿಮಾನ ಅನ್ನೋದು ಆಮೇಲೆ ಗೊತ್ತಾಯ್ತು. ಮಾರುವವರು ನನ್ನ ಮೇಲೆ ಸಿಟ್ಟಾದರು. ಕೊಳ್ಳಲು ಬಂದವರೂ ಎರಡು ದಿನ ಮಾತು ಬಿಟ್ಟರು, ಸೀಟು ಅಷ್ಟು ಹಿಡಿಸಿಬಿಟ್ಟಿತ್ತು.

ನಿಮ್ಮ ಪೇಟೆಯಲ್ಲಿ ಮೇಲಿನ ಕಾಯಿ ನೋಡಿ ಚೀಲ ಕೊಳ್ಳುತ್ತೀರಾ? ಒಳಗೆ ಮೊಣಕೈವರೆಗೆ ಕೈ ಹಾಕುತ್ತೀರಿ. ಇಲ್ಲೂ ಹಾಗೇ. ಕೊಳ್ಳುವ ಮುಂಚಿನ ತಪಾಸಣೆಯನ್ನು ಮಾರುವವರ ವರ್ಕ್‌ಶಾಪಿನಲ್ಲಿ ಮಾಡಿಸಬೇಡಿ. ಎಂಜಿನ್ನಿನ ಒಳಗೆ ಬೋರೋಸ್ಕೋಪ್, ಅಂದರೆ ಸಣ್ಣ ಕೊಳವೆಯ ಕ್ಯಾಮೆರಾ, ಇಳಿಸಿ ನೋಡಲಿ. ಮುಂದಿನ ಓವರ್‌ಹಾಲ್‌ಗೆ (ಎಂಜಿನ್ ಪೂರ್ತಿ ಬಿಚ್ಚಿ ಮಾಡುವ ರಿಪೇರಿ) ಎಷ್ಟು ಗಂಟೆ ಉಳಿದಿದೆ, ಎಂಜಿನ್ನು ಮುಂದಿನ ರಿಪೇರಿಗಾಗಿ ಹಾರಿದ ಗಂಟೆಗೆ ಇಷ್ಟು ಅಂತ ದುಡ್ಡು ಕಟ್ಟುವ ಸ್ಕೀಮಿನಲ್ಲಿದೆಯೋ ಇಲ್ಲವೋ, ಬರಹದಲ್ಲಿ ತೆಗೆದುಕೊಳ್ಳಿ. ಇಲ್ಲ ಅಂದರೆ ಓವರ್‌ಹಾಲ್ ಖರ್ಚನ್ನು ಈಗಲೇ ಬೆಲೆಯಲ್ಲಿ ಮುರಿಯಿರಿ. ಇನ್ನೊಂದು: 2021ರ ಜುಲೈ 1ರ ನಂತರ ಇಲ್ಲಿ ನೋಂದಣಿಯಾಗುವ ವಿಮಾನದಲ್ಲಿ ಗಗನ್ (ಉಪಗ್ರಹದ ನೆರವಿನಿಂದ ದಾರಿ ತೋರಿಸುವ ನಮ್ಮ ದೇಶದ ವ್ಯವಸ್ಥೆ) ಉಪಕರಣ ಇರಬೇಕು ಅನ್ನೋ ನಿಯಮ ಬಂದಿದೆ. ಹಳೆ ವಿಮಾನದಲ್ಲಿ ಅದನ್ನು ಕೂರಿಸೋದು ರೇಡಿಯೋ ಹಾಕಿಸಿದಷ್ಟು ಸುಲಭ ಅಲ್ಲ.

ಹುಬ್ಬಳ್ಳಿ ರನ್‌ವೇ ಬಗ್ಗೆ ಚಿಂತೆ ಬೇಡ. ಉದ್ದ ಮಾಡಿದ ಮೇಲೆ ಎರಡೂವರೆ ಕಿ.ಮೀ. ಇದೆ, ಸಣ್ಣ ಜೆಟ್‌ಗೆ ಧಾರಾಳ. ಆದರೆ ರಾತ್ರಿ ತಡವಾಗಿ ಇಳಿಯಬೇಕಾದರೆ ನಿಲ್ದಾಣದ ಕೆಲಸದ ಸಮಯ ಏನು, ಹೆಚ್ಚುವರಿ ಸಮಯಕ್ಕೆ ಏನು ಕಟ್ಟಬೇಕು, ಮೊದಲೇ ಕೇಳಿ. ಮುಂಬೈಯಲ್ಲಿ ಸ್ಲಾಟು (ಇಳಿಯಲು, ಏರಲು ಕೊಡುವ ಸಮಯ), ಪಾರ್ಕಿಂಗ್ ಎರಡೂ ಕಷ್ಟ. ಸಾಹುಕಾರ್ರನ್ನು ಇಳಿಸಿ ವಿಮಾನ ಬೇರೆ ಊರಿಗೆ ಹೋಗಿ ನಿಲ್ಲಬೇಕಾಗಬಹುದು.

ಗದಗ ಹತ್ತಿ

ಬಾಡಿಗೆಯದ್ದೂ ಒಂದು ಮಾತು. ಮಗಳ ಮದುವೆಗೆ ಬೀಗರನ್ನು ಕರೆಸಲು ನಾವು ಒಮ್ಮೆ ಹಿಡಿದಿದ್ದೆವು. ವಿಮಾನ ಬೆಂಗಳೂರಿಂದ ಖಾಲಿ ಬಂತು, ಖಾಲಿ ಹೋಯ್ತು. ಆ ಖಾಲಿ ಹಾರಾಟದ ದುಡ್ಡೂ ನಮ್ಮದೇ! ರಾತ್ರಿ ನಿಂತದ್ದಕ್ಕೆ ಪೈಲಟ್‌ಗಳ ಹೋಟೆಲ್ಲೂ ನಮ್ಮದೇ. ರೇಟು ಕೇಳುವಾಗ ಇದನ್ನು ಸೇರಿಸಿಯೇ ಕೇಳಿ.

ಬ್ಯಾಡಗಿ ದಿವಾನಜಿ

ಎಣಿಸಿದೆ ಸರ್. ಮುಂಬೈ 22 ಸಲ, ದೆಹಲಿ 9, ಕೊಚ್ಚಿ 7. ಕೊಚ್ಚಿಗೆ ಎರಡೂವರೆ ಗಂಟೆ ಹಿಡಿದೆ. ಎಲ್ಲಾ ಸೇರಿ ಸುಮಾರು 107 ಗಂಟೆ. ಲಾಗ್‌ಬುಕ್ಕಿನ ಪ್ರತಿ ಕಳಿಸಿ ಅಂತ ದಲ್ಲಾಳಿಗೆ ಕೇಳಿದ್ದೆ. ಐದು ದಿನ ಆಯ್ತು, ದಿನಾ ಗುಡ್ ಮಾರ್ನಿಂಗ್ ಮೆಸೇಜು ಬರ್ತಿದೆ, ಲಾಗ್‌ಬುಕ್ ಬಂದಿಲ್ಲ. ಸಾಹುಕಾರ್ರಿಗೆ ಹೇಳಿದರೆ "ಮುಂದಿನ ವರ್ಷ ಜಾಸ್ತಿ ಓಡಾಡ್ತೀನಿ" ಅಂತಾರೆ.

ಮಾಳಮಡ್ಡಿ ಮೆಕ್ಯಾನಿಕ್

ಹಾಗಿದ್ದರೆ ಒಂದು ವರ್ಷ ಬಾಡಿಗೆಯಲ್ಲಿ ಓಡಾಡಲಿ, ಆಮೇಲೆ ಮತ್ತೆ ಎಣಿಸಿ. ಆಗಲೂ ಸ್ವಂತದ್ದೇ ಬೇಕು ಅಂದರೆ ಕಿಂಗ್ ಏರ್ ತರಹದ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ತಿರುಗಿ ಹಾರುವ ವಿಮಾನ, ನೋಡಿ. ಮುಂಬೈ ಬರೀ ಕಾಲು ಗಂಟೆ ತಡ ಆಗುತ್ತೆ. ಇಂಧನ ಕಡಿಮೆ ಕುಡಿಯುತ್ತೆ, ಅದರ ಎಂಜಿನ್ ಬಲ್ಲವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಬ್ಯಾಡಗಿ ದಿವಾನಜಿ

ಕಿಂಗ್ ಏರ್‌ನ ಫೋಟೋ ಸಾಹುಕಾರ್ರಿಗೆ ತೋರಿಸಿದೆ ಸರ್. ಬಹಳ ಹೊತ್ತು ನೋಡಿದರು. "ಇದಕ್ಕೆ ಫ್ಯಾನ್ ಯಾಕಿದೆ?" ಅಂತ ಕೇಳಿದರು. ಏನು ಹೇಳಲಿ?